ತಲೆ ಒಂದೇ ಸ್ವಾಮಿ, ಮೈದಾನದಲ್ಲೂ ರಸ್ತೆಯಲ್ಲೂ

2019ರ ಆಗಸ್ಟ್‌ನಲ್ಲಿ ಲಾರ್ಡ್ಸ್ ಟೆಸ್ಟಿನಲ್ಲಿ ಆರ್ಚರ್ ಎಸೆದ ಚೆಂಡು ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಡಿದದ್ದು ನಿಮಗೆ ನೆನಪಿರಬಹುದು. ಪರೀಕ್ಷೆ ಮಾಡಿಸಿಕೊಂಡು ಮತ್ತೆ ಬ್ಯಾಟಿಂಗಿಗೂ ಬಂದರು. ಲಕ್ಷಣ ಕಾಣಿಸಿದ್ದು ಮರುದಿನ ಬೆಳಗ್ಗೆ! ಅವರ ಬದಲಿಗೆ ಲಬುಶೇನ್ ಆಡಿದರು, ಮುಂದಿನ ಟೆಸ್ಟಿಗೂ ಸ್ಮಿತ್ ಇರಲಿಲ್ಲ. ಒಳ್ಳೆಯ ನಿಯಮ, ಎರಡು ಮಾತಿಲ್ಲ.

ನನ್ನ ತಕರಾರು ಬೇರೆ. ಅಂಥದೇ ಪೆಟ್ಟು ನಮ್ಮ ಕಾಲೇಜು ಆಟಗಾರನಿಗೆ ಬೈಕಿನಿಂದ ಬಿದ್ದೋ, ಹಾಸ್ಟೆಲ್ ಬಚ್ಚಲಲ್ಲಿ ಜಾರಿಯೋ, ಲೋಕಲ್ ಹತ್ತುವಾಗ ಕಂಬಿಗೆ ಬಡಿದೋ ಆದರೆ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಇದಕ್ಕೆ ಡಾಕ್ಟರುಗಳು ಕನ್ಕಶನ್ ಅನ್ನುತ್ತಾರೆ. ಪೆಟ್ಟಿನ ರಭಸಕ್ಕೆ ಮೆದುಳು ಒಳಗೇ ಅಲುಗಿ ಕೆಲಸ ತಪ್ಪುವುದು. ಇದಕ್ಕೆ ಪ್ರಜ್ಞೆ ತಪ್ಪಲೇಬೇಕೆಂದಿಲ್ಲ, ಬಹಳ ಮಂದಿಗೆ ತಪ್ಪುವುದೇ ಇಲ್ಲ. ಸಿಟಿ ಸ್ಕ್ಯಾನ್ ಕೂಡ ಸಾಮಾನ್ಯವಾಗಿ ನಾರ್ಮಲ್ ಎಂದೇ ಬರುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಓದಿದ್ದು ತಲೆಗೆ ಹತ್ತದಿರುವುದು, ಇವೇ ಸುಳಿವು. ಇದು ವಾಸಿಯಾಗುವ ಮುಂಚೆ ಮತ್ತೊಂದು ಪೆಟ್ಟು ಬಿದ್ದರೆ, ಅಪರೂಪಕ್ಕಾದರೂ, ಮೆದುಳು ಊದಿಕೊಂಡು ಪ್ರಾಣಕ್ಕೇ ಬರಬಹುದು.

ನಮ್ಮ ಬಿಲ್ಡಿಂಗಿನ ಹುಡುಗನೊಬ್ಬ ಕಾಲೇಜಿನ ಕಬಡ್ಡಿ ತಂಡದವನು. ಸ್ಕೂಟರಿನಿಂದ ಬಿದ್ದ ಮೂರನೇ ದಿನವೇ ಸೆಲೆಕ್ಷನ್ ಇತ್ತು. ಕೋಚ್ ಮೊಣಕೈ ಮಡಚಿಸಿ, ಬಿಚ್ಚಿಸಿ ನೋಡಿ "ಆಡು" ಅಂದರಂತೆ. ತಲೆಯ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ! ಅವನ ತಾಯಿ ಹೋಗಿ ಕೇಳಿದ್ದಕ್ಕೆ "ಗ್ರೌಂಡಿನ ಹೊರಗೆ ಆದದ್ದು ನಮಗೆ ಸಂಬಂಧವಿಲ್ಲ" ಎಂಬ ಉತ್ತರ.

ಸಂಬಂಧ ಹೇಗಿಲ್ಲ ಸ್ವಾಮಿ? ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತವನು ನಾನು. ಯಾವ ಬ್ರಾಂಚಿನಲ್ಲಿ ದುಡ್ಡು ತೆಗೆದರೂ ಖರ್ಚು ಬೀಳುವುದು ಅದೇ ಖಾತೆಗೆ. ಬೇರೆ ಬ್ರಾಂಚಿನಲ್ಲಿ ತೆಗೆದದ್ದು ಎಂದು ನಾವು ಬ್ಯಾಲೆನ್ಸ್ ಹೆಚ್ಚು ತೋರಿಸಿದರೆ ಇನ್‌ಸ್ಪೆಕ್ಟರು ಸುಮ್ಮನೆ ಬಿಡುತ್ತಾರೆಯೇ?

ಹುಡುಗರ ಹಿಂದೆ ದಿನವಿಡೀ ಸುತ್ತಲಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಸುತ್ತಬೇಡಿ. ಕೇಳಿ, ಸಾಕು. ಅಮೆರಿಕದಲ್ಲಿ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆ 2010ರಲ್ಲೇ ಪ್ರತಿ ಕಾಲೇಜಿಗೂ ಕನ್ಕಶನ್ ಯೋಜನೆ ಕಡ್ಡಾಯ ಮಾಡಿತು. ಲಕ್ಷಣ ಕಂಡರೆ ತಿಳಿಸುತ್ತೇನೆಂದು ಆಟಗಾರನಿಂದ ಸಹಿ ಹಾಕಿಸಿಕೊಳ್ಳುತ್ತಾರೆ. ಅಲ್ಲಿಯೂ ಮೈದಾನದ ಹೊರಗೆ ಪೆಟ್ಟು ತಿಂದವರು ತಡವಾಗಿ ಹೇಳಿಕೊಳ್ಳುವುದು ಅಧ್ಯಯನಗಳಲ್ಲಿ ಕಂಡಿದೆ. ಆಟದಲ್ಲಿ ಬಿದ್ದರೆ ನೂರು ಕಣ್ಣು ನೋಡುತ್ತವೆ, ಬಚ್ಚಲಲ್ಲಿ ಬಿದ್ದರೆ ನೋಡುವವರು ಯಾರು?

ಪುತ್ತೂರಿನಿಂದಲೋ ಹುಬ್ಬಳ್ಳಿಯಿಂದಲೋ ಮುಂಬೈ, ಪುಣೆಯ ಹಾಸ್ಟೆಲಿಗೆ ಬಂದ ಹುಡುಗನ ಪಾಡು ಇನ್ನೂ ಕಷ್ಟ. ಅಮ್ಮ ಹೆದರುತ್ತಾಳೆಂದು ಮನೆಗೆ ಹೇಳುವುದಿಲ್ಲ, ತಂಡದಿಂದ ಬಿಡುತ್ತಾರೆಂದು ಕೋಚಿಗೂ ಹೇಳುವುದಿಲ್ಲ. ಮೊದಲ ರಾತ್ರಿ ಅವನ ಹತ್ತಿರ ಒಬ್ಬರಿರಬೇಕು. ವಾಂತಿ ಹೆಚ್ಚಿದರೆ, ಮಾತು ತೊದಲಿದರೆ, ಎಬ್ಬಿಸಿದರೂ ಏಳದಿದ್ದರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಒಂದೆರಡು ದಿನ ವಿಶ್ರಾಂತಿ, ಆಮೇಲೆ ಹಂತಹಂತವಾಗಿ ಅಭ್ಯಾಸ, ಡಾಕ್ಟರು ಒಪ್ಪಿದ ಮೇಲಷ್ಟೇ ಮೈಮೇಲೆ ಬೀಳುವ ಆಟ.

ಕನ್ನಡ ಸಂಘಗಳಲ್ಲಿ ಕಬಡ್ಡಿ, ಕ್ರಿಕೆಟ್ ಟೂರ್ನಮೆಂಟ್ ನಡೆಸುವವರು ನೀವೇ ಶುರು ಮಾಡಿ. ಎಂಟ್ರಿ ಫಾರ್ಮಿನಲ್ಲಿ ಟೀ ಶರ್ಟಿನ ಸೈಜಿಗೂ ಒಂದು ಕಾಲಂ ಇರುತ್ತದೆ. "ಕಳೆದ ಒಂದು ತಿಂಗಳಲ್ಲಿ ಎಲ್ಲಾದರೂ ತಲೆಗೆ ಪೆಟ್ಟು ಬಿದ್ದಿದೆಯೇ?" ಎಂಬ ಒಂದು ಸಾಲಿಗೆ ಜಾಗವಿಲ್ಲವೇ?