ತಪ್ಪಲಾ ತೂಗಿರಲಿಲ್ಲ ಅನ್ನೋ ಒಂದು ಸಾಲು

ಮಕ್ಕಳು ವಿಜ್ಞಾನ ಸ್ಪರ್ಧೆಗೆ ಹೋಗಿ ಬಂದ್ರು ಅಂದ್ರ ನಾವು ದೊಡ್ಡವರು ಎರಡು ಪ್ರಶ್ನೆ ಕೇಳತೀವ್ರಿ. ಒಂದು, "ಪ್ರೈಜ್ ಏನು ಬಂತು?" ಎರಡು, "ಊಟಕ್ಕ ಏನು ಕೊಟ್ಟಿದ್ರು?" ಎರಡನೇದ್ದು ಇರಲಿ, ತಾಯಿ ಜೀವ, ಕೇಳದ ಇರೂದಿಲ್ಲ. ಮೊದಲನೇ ಪ್ರಶ್ನೆ ಬಗ್ಗೆ ಮಾತ್ರ ನಾಕು ಮಾತು ಬರೀಬೇಕು ಅನಸ್ತು. ಆ ಪ್ರಶ್ನೆ ಕೇಳಿ ಕೇಳಿ ನಾವು ಮಕ್ಕಳ ಬಾಯಿಂದ ಖರೇ ಮಾತು ಬರದಂಗ ಮಾಡಾಕತ್ತೇವಿ ಅಂತ ನನ್ನ ಅಭಿಪ್ರಾಯ.

ನಮ್ಮ ಮೈದುನನ ಮಗಳು ಎಂಟನೇತ್ತಾ ಕಲಿತಾಳ. ಒಂದ ಮನ್ಯಾಗ ಇರತೀವಿ, ನನ್ನ ದೊಡ್ಡವ್ವ ಅಂತಾಳ. 2018ರ ಡಿಸೆಂಬರ್ 27ರಿಂದ 31ರ ತನಕ ಭುವನೇಶ್ವರದಾಗ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಆತಲ್ಲ, ಅದಕ್ಕ ಹೋಗಿ ಬಂದಾಳ. ಗೊತ್ತಿಲ್ಲದವರಿಗೆ ಹೇಳತೀನಿ. ಇದು 1993ರಿಂದ ನಡದು ಬಂದದ್ದು. ಕೇಂದ್ರ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಕಾರ್ಯಕ್ರಮ. ನಮ್ಮ ರಾಜ್ಯದಾಗ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನವರು ನಡಸತಾರ. 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿಂದ, ತಮ್ಮ ಓಣಿದು ಒಂದು ಸಮಸ್ಯೆ ಹಿಡಕೊಂಡು, ಕೆಲವು ತಿಂಗಳು ತಾವ ನೋಡಿ, ಎಣಿಸಿ, ಅಳತಿ ಮಾಡಿ ವರದಿ ಬರೀಬೇಕು. ಮೊದಲು ಜಿಲ್ಲಾ, ಆಮ್ಯಾಲ ರಾಜ್ಯ, ಆಮ್ಯಾಲ ರಾಷ್ಟ್ರ ಮಟ್ಟ. ಥರ್ಮಾಕೋಲ್ ಮಾಡೆಲ್ ಇಟ್ಟು ಲೈಟ್ ಹಚ್ಚೋ ಪ್ರದರ್ಶನ ಇದಲ್ಲ. ಏನು ಮಾಡಿದ್ರಿ, ಹೆಂಗ ಮಾಡಿದ್ರಿ, ಯಾಕ ಮಾಡಿದ್ರಿ ಅಂತ ಕೇಳತಾರ. ದಿನದಿನದ ಲೆಕ್ಕ ಬರದಿಟ್ಟ ಲಾಗ್ ಬುಕ್ ನೋಡತಾರ. ವರದಿ ಇಂಗ್ಲಿಷ್‌ದಾಗ ಇರಬೇಕು ಅಂತೇನೂ ಇಲ್ಲ, ಕನ್ನಡದಾಗ ಬರದ್ರೂ ನಡೀತೈತಿ. ಇದನ್ನ ಕನ್ನಡ ಸಾಲಿ ಮಕ್ಕಳ ತಾಯಂದಿರು ನೆನಪಿಟ್ಟುಕೋರಿ.

ಆ ವರ್ಷದ ವಿಷಯ ಸ್ವಚ್ಛ, ಹಸಿರು, ಆರೋಗ್ಯವಂತ ರಾಷ್ಟ್ರ ಅಂತ ಇತ್ತು. ನಮ್ಮ ಹುಡುಗಿ, ಆಕಿ ಗೆಳತಿ ಕೂಡಿ ಹಿಡದದ್ದು ಅಡಗಿ ಮನಿ ವಿಷಯ: ಔಷಧ ಹಾಕದ ಹೆಸರಕಾಳು ನುಸಿ ಹತ್ತದಂಗ ಹೆಂಗ ಇಡೋದು? ನಮ್ಮ ಅಡಗಿ ಮನಿ ಕಟ್ಟಿ ಮ್ಯಾಲ ಐದು ಗಾಜಿನ ಭರಣಿ ಸಾಲಾಗಿ ನಿಂತವು. ಒಂದರಾಗ ಬರೇ ಕಾಳು. ಒಂದರಾಗ ಬೇವಿನ ತಪ್ಪಲಾ. ಒಂದರಾಗ ಒಲಿ ಬೂದಿ. ಒಂದರಾಗ ಔಡಲೆಣ್ಣಿ ಸವರಿದ ಕಾಳು. ಇನ್ನೊಂದರಾಗ ಬಿಸಲಿಗೆ ಒಣಗಿಸಿ ಹಾಕಿದ್ದು. ಐದರಾಗೂ ಎಣಿಸಿ ನುಸಿ ಬಿಟ್ಟು, ಅರವಿ ಕಟ್ಟಿ ಇಟ್ರು. ಪ್ರತಿ ಐತವಾರ ಒಂದೊಂದು ಭರಣಿಯಿಂದ ನೂರು ಕಾಳು ತಗದು, ಎಷ್ಟಕ್ಕ ತೂತು ಬಿದ್ದಾವ ಅಂತ ಎಣಸೋದು.

ಐತವಾರ ಆ ಎಣಿಕಿ ಮುಗಿಯೋ ತನಕ ನನಗ ಕಟ್ಟಿ ಸಿಗತಿರಲಿಲ್ಲ. ನಾನೂ ಬಾಜೂಕ ನಿಂತು ನೋಡತಿದ್ದೆ. ಮೂವತ್ತು ವರ್ಷದಿಂದ ಕಾಳು ಹಸನ ಮಾಡಾಕತ್ತೇನಿ, ಆದ್ರ ನುಸಿ ಕಾಳಿನ ಮ್ಯಾಲ ತತ್ತಿ ಇಡತೈತಿ, ಹುಳ ಒಳಗ ಕೊರಕೊಂಡು ಹೋಗಿ ಅಲ್ಲೇ ಬೆಳದು, ರೆಕ್ಕಿ ಬಂದ ಮ್ಯಾಲ ದುಂಡಗ ತೂತು ಮಾಡಿ ಹೊರಗ ಬರತೈತಿ ಅನ್ನೋದು ಆಗ ತಿಳೀತು. ಅಂದ್ರ ನಮ್ಮ ಕಣ್ಣಿಗೆ ತೂತು ಕಾಣೋ ಹೊತ್ತಿಗೆ ಹುಳ ಊಟ ಮುಗಿಸಿ ಎದ್ದು ಹೋಗಿರತೈತಿ! ಎಣ್ಣಿ ಸವರಿದ್ರ ತತ್ತಿಗೆ ಗಾಳಿ ಆಡೂದಿಲ್ಲ, ಕಾಳಿಗೆ ಸರಿಯಾಗಿ ಅಂಟೂದೂ ಇಲ್ಲ. ನಮ್ಮ ಹಿರೇರು ಮಾಡತಿದ್ದದ್ದು ಇದಕ್ಕ ಅಂತ ಗೊತ್ತಾತು.

ಮೂರು ತಿಂಗಳಿಗೆ ಲೆಕ್ಕ ಹಾಕಿದ್ರ, ಎಣ್ಣಿ ಭರಣಿ ಮತ್ತ ಬೂದಿ ಭರಣಿ ಭೇಷ್ ಇದ್ದವು. ಬೇವಿನ ತಪ್ಪಲಾ ಹಾಕಿದ್ದು ಬರೇ ಕಾಳಿಗಿಂತ ಅಷ್ಟೇನ ಹೆಚ್ಚು ಚಲೋ ಇರಲಿಲ್ಲ. ನಮ್ಮ ಅತ್ತಿಯವರಿಗೆ ಸಿಟ್ಟು ಬಂತು. "ನಾ ಲಗ್ನಾಗಿ ಬಂದಾಗಿಂದ ಬೇವಿನ ತಪ್ಪಲಾ ಹಾಕೇನಿ, ನಿನ್ನ ಭರಣಿಗೆ ಏನು ಗೊತ್ತು" ಅಂದ್ರು. ಹುಡುಗಿ ಎದುರಾಡಲಿಲ್ಲ. "ಆಯಿ, ನೀ ಎಷ್ಟು ಹಾಕತಿದ್ದಿ, ಹಸೇದೋ ಒಣಗಿದ್ದೋ?" ಅಂತ ಕೇಳಿದ್ಲು. ಅತ್ತಿಯವರು "ನೆರಳಾಗ ಒಣಗಿಸಿ, ಪದರ ಪದರ ಹಾಕತಿದ್ವಿ, ಇಷ್ಟು ಅಂತ ಯಾರು ತೂಗತಿದ್ರು" ಅಂದ್ರು. ಲಾಗ್ ಬುಕ್ಕಿನ್ಯಾಗ ಅದೂ ಬಿತ್ತು.

ಭುವನೇಶ್ವರದಾಗ ಇವರ ವರದಿ ಕೇಳಿದವರೊಬ್ಬರು ಅಲ್ಲೇ ಬೊಟ್ಟು ಇಟ್ರಂತ. "ಬೇವಿನ ಎಲಿ ಎಷ್ಟು ಗ್ರಾಂ ಹಾಕಿದ್ರಿ? ಹಸೇದೋ, ಒಣಗಿದ್ದೋ?" ಹುಡುಗಿ ಹೇಳಿದ್ದು, "ಹಸೇದು ಸರ್. ಒಂದು ಹಿಡಿ ಹಾಕಿದ್ವಿ. ತೂಗಿರಲಿಲ್ಲ." ಅವರು ನಕ್ಕು, "ಹಂಗಿದ್ರ ಬೇವು ಕೆಲಸ ಮಾಡೂದಿಲ್ಲ ಅಂತ ಹೇಳಬ್ಯಾಡ್ರಿ. ನೀವು ಹಾಕಿದಷ್ಟು ಹಸೀ ಬೇವು ಸಾಲಲಿಲ್ಲ ಅಂತ ಹೇಳ್ರಿ. ಇದನ್ನ ಬರಕೋರಿ" ಅಂದ್ರಂತ. ಆಕಿ ಬರಕೊಂಡು ಬಂದ್ಲು. ಅತ್ತಿಯವರಿಗೆ ಹೇಳಿದ ಮ್ಯಾಲ ಅವರ ಸಿಟ್ಟು ಇಳೀತು, ಮಾತು ಮರ್ಯಾದಿ ಎರಡೂ ಉಳದಂಗಾತು.

ಇನ್ನ ನನ್ನ ವಿಷಯಕ್ಕ ಬರತೀನಿ. ಸಾಲಿಯ ವಾರ್ಷಿಕ ಸಂಚಿಕೆಗೆ "ನನ್ನ ಅನುಭವ" ಅಂತ ಎರಡು ಪುಟ ಬರಕೊಡು ಅಂದ್ರು. ಆಕಿ ಬರದ್ಲು. ರೈಲಿನ್ಯಾಗ ಕಂಡ ಊರು, ಬ್ಯಾರೆ ರಾಜ್ಯದ ಹುಡುಗ್ಯಾರ ಜೋಡಿ ಕೈಸನ್ನಿ ಬಾಯಿಸನ್ನಿ ಮಾಡಿ ಮಾತಾಡಿದ್ದು, ರೊಟ್ಟಿ ನೆನಪಾಗಿ ಅಳು ಬಂದದ್ದು, ಎಲ್ಲಾ ಇತ್ತು. ನಡುವ ಈ ಸಾಲೂ ಇತ್ತು: "ನಾವು ತಪ್ಪಲಾ ತೂಗಿರಲಿಲ್ಲ. ಅವರು ಕೇಳಿದಾಗ ನನ್ನ ಕೈ ತಣ್ಣಗಾತು. ಆದರೆ ಸುಳ್ಳು ಹೇಳಲಿಲ್ಲ." ತಿದ್ದಿ ಬಂದ ಪ್ರತಿಯೊಳಗ ಆ ಸಾಲಿನ ಮ್ಯಾಲ ಕೆಂಪು ಗೆರಿ. ಅದರ ಬದ್ಲಿ, "ತೀರ್ಪುಗಾರರ ಎಲ್ಲಾ ಪ್ರಶ್ನೆಗಳಿಗೂ ಧೈರ್ಯದಿಂದ ಉತ್ತರಿಸಿ ಮೆಚ್ಚುಗೆ ಗಳಿಸಿದೆವು. ಬಹಳ ಸಂತೋಷವಾಯಿತು" ಅಂತ ಬರದಿತ್ತು.

ತಿದ್ದಿದವರ ಮ್ಯಾಲ ನನಗ ಸಿಟ್ಟಿಲ್ಲ. ಅವರ ಮಾತಿನ್ಯಾಗೂ ಒಂದು ತಥ್ಯ ಐತಿ. ಸಂಚಿಕೆ ನಾಕು ಮಂದಿ ಕೈಗೆ ಹೋಗತೈತಿ, ಸಾಲಿ ಹೆಸರು ಕೆಡಬಾರದು, ಹುಡುಗಿಗೆ ಬ್ಯಾರೆ ಮಕ್ಕಳು ನಗಬಾರದು ಅಂತ ಅವರ ವಿಚಾರ. ಹುಡುಗಿ ಮ್ಯಾಲಿನ ಕಾಳಜೀಲೇ ಮಾಡಿದ್ದು ಅಂತ ಇಟ್ಟುಕೊಳ್ಳೋಣು. ಆದ್ರೂ ನಾನು ಒಪ್ಪೂದಿಲ್ಲ. ಯಾಕ ಅಂತ ಹೇಳತೀನಿ.

ಆ ಎರಡು ಪುಟದಾಗ ಇದ್ದ ವಿಜ್ಞಾನ ಅಂದ್ರ ಆ ಒಂದು ಸಾಲ ನೋಡ್ರಿ. ಸಂತೋಷವಾಯಿತು ಅನ್ನೋದು ಜಾತ್ರಿಗೆ ಹೋಗಿ ಬಂದವರೂ ಬರೀತಾರ. ನಾವು ಮಾಡಿದ್ದರಾಗ ಎಲ್ಲಿ ಸಡಲ ಇತ್ತು ಅಂತ ಬರಿಯೋದು, ಮೂರು ತಿಂಗಳು ಭರಣಿ ಮುಂದ ಕುಂತವರಿಗೆ ಮಾತ್ರ ಸಾಧ್ಯ. ಮುಂದಿನ ವರ್ಷ ಇನ್ನೊಂದು ಹುಡುಗಿ ಆ ಸಂಚಿಕೆ ಓದಿದ್ರ, ಕೆಂಪು ಗೆರಿ ಹೊಡದ ಸಾಲಿನಿಂದ ಆಕಿಗೆ ಉಪಯೋಗ ಇತ್ತು: ತಕ್ಕಡಿ ತಗೊಂಡು ಕುಂದ್ರತಿದ್ಲು. "ಮೆಚ್ಚುಗೆ ಗಳಿಸಿದೆವು" ಓದಿ ಏನು ಮಾಡ್ಯಾಳು?

ನಾನು ಪಿಯುಸಿ ತನಕ ಓದಿದಾಕಿ. ನಮ್ಮ ಕಾಲದಾಗ ಲೋಲಕದ ಪ್ರಯೋಗ ಇತ್ತು. ದಾರಕ್ಕ ಗುಂಡು ಕಟ್ಟಿ ತೂಗಿಬಿಟ್ಟು, ಟೈಮ್ ನೋಡಿ, ಗುರುತ್ವ ಲೆಕ್ಕ ಹಾಕೋದು. ಉತ್ತರ 980ರ ಹತ್ತಿರ ಬರಬೇಕು ಅಂತ ಪುಸ್ತಕದಾಗ ಇರತಿತ್ತು. ಎಷ್ಟೋ ಜರ್ನಲ್‌ದಾಗ 980 ಮೊದಲು ಬರತಿತ್ತು, ರೀಡಿಂಗ್ ಆಮ್ಯಾಲ ಹುಟ್ಟತಿದ್ದವು! ಮಾರ್ಕು ಸಿಗತಿತ್ತು, ದಾರದ ಉದ್ದ ಅಳಿಯೋದು ಎಲ್ಲಿಂದ ಎಲ್ಲಿಗೆ ಅನ್ನೋದು ತಲ್ಯಾಗ ಹೋಗತಿರಲಿಲ್ಲ. ಈಗ ಮಕ್ಕಳ ಅನುಭವ ತಿದ್ದೋದೂ ಅದ ಜಾತಿಯದ್ದು. ಉತ್ತರ ಮೊದಲ ಗೊತ್ತೈತಿ, "ಸಂತೋಷವಾಯಿತು". ಅದಕ್ಕ ಹೊಂದೋ ಹಂಗ ಅನುಭವ ಬರಸೋದು.

ಇನ್ನ ಮನಿಯವರ ಕತಿ ಕೇಳ್ರಿ. ವಿಜ್ಞಾನ ಪ್ರದರ್ಶನ ಬಂತಂದ್ರ ಪ್ಯಾಟ್ಯಾಗ ರೆಡಿಮೇಡ್ ಮಾಡೆಲ್ ಸಿಗತಾವ. ಜ್ವಾಲಾಮುಖಿ ಒಂದು ರೇಟು, ಹನಿ ನೀರಾವರಿ ಒಂದು ರೇಟು. ಇನ್‌ಸ್ಪೈರ್ ಮಾನಕ್ ಅಂತ ಇನ್ನೊಂದು ಯೋಜನೆ ಐತಿ, 2018ರಾಗ ಆರರಿಂದ ಹತ್ತನೇತ್ತಾ ಮಕ್ಕಳ ಹೊಸ ವಿಚಾರಕ್ಕ ಸರಕಾರ 10,000 ರೂಪಾಯಿ ಮಕ್ಕಳ ಖಾತೆಗೇ ಹಾಕತಿತ್ತು. ಎಂಥಾ ಚಲೋ ಯೋಜನೆ! ಆ ರೊಕ್ಕದಾಗ ಹುಡುಗ ನಾಕು ಸಲ ಕೆಡಿಸಿ ಐದನೇ ಸಲ ಮಾಡಬೇಕು. ಅಪ್ಪ ಅಂಗಡ್ಯಾಂವಗ ಕೊಟ್ಟು ಮಾಡಿಸಿಕೊಂಡು ಬಂದ್ರ ಹುಡುಗನ ಪಾಲಿಗೆ ಏನು ಉಳೀತು? ಬಾಯಿಪಾಠ ಮಾಡಿದ ನಾಕು ಸಾಲು ಇಂಗ್ಲಿಷ್ ಅಷ್ಟ. ಕೇಳೋರು ಎರಡನೇ ಪ್ರಶ್ನೆ ಕೇಳಿದ್ರ ಹುಡುಗ ಮಾಸ್ತರ ಮುಖ ನೋಡತಾನ.

"ಎಂಟನೇತ್ತಾ ಮೂರು ತಿಂಗಳು ನುಸಿ ಎಣಿಸಿ ಹಾಳು ಮಾಡಿದ್ಲು, ಮುಂದ ನೀಟ್ ಪರೀಕ್ಷೆಗೆ ಇದು ಬರತೈತೇನು?" ಅಂತ ನಮ್ಮ ಬೀಗರೊಬ್ಬರು ಕೇಳಿದ್ರು. ಬರೂದಿಲ್ಲರಿ. ಖರೇ ಹೇಳಬೇಕಂದ್ರ ಆ ಪ್ರಶ್ನೆ ಪತ್ರಿಕ್ಯಾಗ ನುಸಿ ಬರಲಿಕ್ಕಿಲ್ಲ. ಆದ್ರ "ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು" ಅಂತ ನಮ್ಮ ಹಿರೇರು ಗಾದಿ ಕಟ್ಯಾರಲ್ಲ, ಅದನ್ನ ಕಲಸಾಕ ಯಾವ ಕೋಚಿಂಗ್ ಕ್ಲಾಸೂ ಇಲ್ಲ. ನಾಳೆ ಯಾರರೆ ವಾಟ್ಸಾಪ್‌ದಾಗ "ಈ ಕಷಾಯ ಕುಡದ್ರ ಸಕ್ಕರಿ ರೋಗ ಹೋಗತೈತಿ" ಅಂತ ಕಳಿಸಿದ್ರ, ಎಷ್ಟು ಕುಡಿಬೇಕು, ಕುಡೀದವರಿಗೆ ಏನಾತು ಅಂತ ಆಕಿ ಕೇಳತಾಳ. ಬರೇ ಕಾಳಿನ ಭರಣಿ ಬಾಜೂಕ ಇಟ್ಟು ನೋಡಿದಾಕಿ ಆಕಿ. ನಮ್ಮ ಮನ್ಯಾಗ ಈಗಾಗಲೇ ಕೇಳಾಕತ್ಯಾಳ. ಅದರ ತ್ರಾಸೂ ನಾವ ಉಣ್ಣಾಕತ್ತೇವಿ, ಆ ಮಾತು ಬ್ಯಾರೆ!

ಹುಡುಗ್ಯಾರನ್ನ ಕಳಸೋ ಬಗ್ಗೆನೂ ಒಂದು ಮಾತು. ರಾಷ್ಟ್ರ ಮಟ್ಟಕ್ಕ ಆರಿಸಿ ಬಂದ ಮ್ಯಾಲ "ಇಷ್ಟು ದೂರ, ಹುಡುಗಿ, ಯಾಕ ಬೇಕು, ಸರ್ಟಿಫಿಕೇಟ್ ಬಂತಲ್ಲ ಸಾಕು" ಅಂತ ತಡಿಯೋ ಮನಿ ಬಾಳ ಅದಾವ. ನಮ್ಮ ಮನ್ಯಾಗೂ ಎರಡು ದಿನ ಇದ ಚರ್ಚೆ ನಡೀತು. ರಾಜ್ಯದ ಮಕ್ಕಳೆಲ್ಲಾ ಕೂಡಿ ಹೋಗತಾರ, ಜೋಡಿ ಹೆಣ್ಣು ಟೀಚರ್ ಇರತಾರ, ಫೋನ್ ನಂಬರ್ ಕೊಡತಾರ. ಇದನ್ನೆಲ್ಲಾ ಕೇಳಿ ತಿಳಕೊಂಡು ಕಳಸ್ರಿ. ಕೇಳದನ ಬ್ಯಾಡ ಅನ್ನಬ್ಯಾಡ್ರಿ. ತಾ ಮಾಡಿದ ಕೆಲಸಕ್ಕ ತಾನ ನಿಂತು, ಗುರ್ತಿಲ್ಲದ ಊರಾಗ, ಗುರ್ತಿಲ್ಲದವರ ಮುಂದ "ತೂಗಿರಲಿಲ್ಲ" ಅಂತ ಹೇಳಿದ ಹುಡುಗಿಗೆ ಮುಂದ ಯಾವ ಕಚೇರ್ಯಾಗೂ ತಲಿ ತಗ್ಗಿಸೋ ಪ್ರಸಂಗ ಬರೂದಿಲ್ಲ ಅಂತ ನನ್ನ ನಂಬಿಕಿ.

ಸಾಲಿಯವರ ಕಡೆ ನನ್ನ ವಿನಂತಿ ಇಷ್ಟ: ಮಕ್ಕಳ ಬರಹದಾಗ ಒತ್ತಕ್ಷರ ತಿದ್ರಿ, ಅಲ್ಪವಿರಾಮ ತಿದ್ರಿ, ಆದ ಸಂಗತಿ ತಿದ್ದಬ್ಯಾಡ್ರಿ. ನಮ್ಮ ಹುಡುಗಿಯ ಅಪ್ಪ ಹೋಗಿ ಶಾಂತ ರೀತಿಲೆ ಮಾತಾಡಿ ಬಂದ. "ವಿಚಾರ ಮಾಡತೀವಿ" ಅಂದಾರ. ಸಂಚಿಕೆ ಇನ್ನೂ ಅಚ್ಚಿಗೆ ಹೋಗಿಲ್ಲ, ನೋಡೋಣು.

ತಾಯಂದಿರಿಗೆ, ದೊಡ್ಡವ್ವಗೋಳಿಗೆ ನನ್ನ ಮಾತು: ಮಗು ಸ್ಪರ್ಧೆ ಮುಗಿಸಿ ಬಂತಂದ್ರ ಮೊದಲು ಊಟಕ್ಕ ಹಾಕ್ರಿ. ನಿದ್ದಿ ಮಾಡಲಿ. ಮರುದಿನ ಪ್ರೈಜ್ ಕೇಳೋ ಬದ್ಲಿ, "ನಿನಗ ಉತ್ತರ ಗೊತ್ತಿಲ್ಲದ ಪ್ರಶ್ನೆ ಯಾವದು ಕೇಳಿದ್ರು?" ಅಂತ ಕೇಳಿ ನೋಡ್ರಿ. ಆ ಪ್ರಶ್ನೆಗೆ ಬೇಕಾಗೋ ಸಾಮಾನು ಬಹುತೇಕ ನಮ್ಮ ಅಡಗಿ ಮನ್ಯಾಗ ಇರತೈತಿ. ನಮ್ಮಲ್ಲಿ ಈ ಸಲ ಬೇವಿನ ತಪ್ಪಲಾ ನೆರಳಾಗ ಒಣಗಾಕತ್ತೈತಿ. ಅತ್ತಿಯವರ ಮೇಲುಸ್ತುವಾರಿ. ತಕ್ಕಡಿ ಮಾತ್ರ ಹುಡುಗಿ ಕೈಯಾಗ.