ಮುಖ ನೋಡಿ ಬೆಲೆ

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಇಪ್ಪತ್ತು ಕಾಸಿನ ನಾಣ್ಯವೊಂದನ್ನು ಬೆರಳ ತುದಿಯಲ್ಲಿ ಹಿಡಿದು ‘ಎಷ್ಟು?’ ಎಂದು ಕೇಳಿದೆ. ಮೇಜಿನ ಆಚೆ ಕೂತಿದ್ದ ವ್ಯಾಪಾರಿ ನಾಣ್ಯವನ್ನು ನೋಡಲೇ ಇಲ್ಲ. ನನ್ನ ಕನ್ನಡಕ ನೋಡಿದ, ಅಂಗಿಯ ಜೇಬು ನೋಡಿದ, ಬಗ್ಗಿ ಚಪ್ಪಲಿಯನ್ನೂ ನೋಡಿದನೋ ಏನೋ. ಆಮೇಲೆ ‘ನಿಮಗೆ ಅಂತ ಎಂಟುನೂರು ಸಾರ್’ ಅಂದ. ಕಾಸನ್ನು ತಟ್ಟೆಗೆ ಹಾಕಿ ಪಕ್ಕದ ಮೇಜಿಗೆ ಸರಿದೆ. ಹತ್ತು ನಿಮಿಷ ಆಗಿರಬಹುದು, ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡಿದ್ದ ಯುವಕನೊಬ್ಬ ಅದೇ ಕಾಸನ್ನು ಎತ್ತಿ ಅದೇ ಪ್ರಶ್ನೆ ಕೇಳಿದ. ‘ನಿಮಗೆ ಅಂತ ಎರಡು ಸಾವಿರ.’

ಮುಖ ನೋಡಿ ಮಣೆ ಹಾಕುವ ಜನ ನಮ್ಮಲ್ಲಿ ಹಿಂದಿನಿಂದಲೂ ಇದ್ದಾರೆ. ಮುಖ ನೋಡಿ ಬೆಲೆ ಹೇಳುವ ಕಲೆಯನ್ನು ಪೂರ್ಣಾವಸ್ಥೆಗೆ ತಂದವರು ಮಾತ್ರ ನಾಣ್ಯ, ಅಂಚೆಚೀಟಿ ಪ್ರದರ್ಶನಗಳ ವ್ಯಾಪಾರಿಗಳು. ನನ್ನ ಜಗಳ ಇರುವುದು ಇವರ ಜೊತೆ. ಮೂವತ್ತು ವರ್ಷಕ್ಕೂ ಮೇಲಿನ ಜಗಳ ಇದು. ಅವರಿಲ್ಲದೆ ನನ್ನ ಆಲ್ಬಮ್ಮುಗಳೂ ಇರುತ್ತಿರಲಿಲ್ಲ ಎಂಬುದು ಗೊತ್ತಿದ್ದೇ ಆಡುತ್ತಿರುವ ಜಗಳ.

ಶ್ರೀರಾಂಪುರದ ನಮ್ಮ ಬೀದಿಯಲ್ಲಿ ನಾನು ಮೊದಲು ಸಂಗ್ರಹಕ್ಕೆ ಇಳಿದದ್ದು 1987ರಲ್ಲಿ, ರಿಲಯನ್ಸ್ ವಿಶ್ವಕಪ್ಪಿನ ಹೊತ್ತಿಗೆ. ಆಗ ನಾನು ಏಳನೆಯ ತರಗತಿ. ಬಿಗ್ ಫನ್ ಬಬಲ್ ಗಮ್ಮಿನ ಜೊತೆ ಕ್ರಿಕೆಟ್ ಆಟಗಾರರ ಚಿತ್ರದ ಪುಟ್ಟ ಕಾರ್ಡು ಬರುತ್ತಿತ್ತು. ಒಂದರಲ್ಲಿ ಇಷ್ಟು ರನ್ನು, ಇನ್ನೊಂದರಲ್ಲಿ ಇಷ್ಟು ವಿಕೆಟ್ಟು ಎಂದು ಅಚ್ಚಾಗಿರುತ್ತಿತ್ತು. ಗಮ್ಮು ಅಗಿದು ಅಗಿದು ದವಡೆ ನೋಯುತ್ತಿದ್ದರೂ ಬಿಡುತ್ತಿರಲಿಲ್ಲ. ನಮ್ಮ ಮಾರುಕಟ್ಟೆ ಇದ್ದದ್ದು ಬೀದಿ ಕೊನೆಯ ನಲ್ಲಿಕಟ್ಟೆಯ ಹತ್ತಿರ. ಇಬ್ಬರು ಸಾಮಾನ್ಯರನ್ನು ಕೊಟ್ಟರೆ ಒಬ್ಬ ಗಾವಸ್ಕರ್ ಎಂಬುದು ಅಲ್ಲಿನ ದರ. ಅಕ್ಟೋಬರ್ 31ರಂದು ನಾಗಪುರದಲ್ಲಿ ನ್ಯೂಜಿಲೆಂಡಿನ ಎದುರು ಚೇತನ್ ಶರ್ಮಾ ಹ್ಯಾಟ್ರಿಕ್ ಹೊಡೆದು, ಗಾವಸ್ಕರ್ ಶತಕ ಬಾರಿಸಿದ ಮರುದಿನ ಬೆಳಿಗ್ಗೆ ದರ ಏರಿತು. ಒಬ್ಬ ಗಾವಸ್ಕರನಿಗೆ ನಾಲ್ವರು. ಆದರೆ ಏರಿದ್ದು ಎಲ್ಲರಿಗೂ ಏರಿತು. ರಾಜಾ ಮಿಲ್ಲಿನ ಕೆಲಸಗಾರನ ಮಗನಿಗೂ ಅದೇ ದರ, ಬಡ್ಡಿ ವ್ಯಾಪಾರದವರ ಮಗನಿಗೂ ಅದೇ ದರ. ಕಾರ್ಡಿನ ಮೂಲೆ ಮಡಿಸಿದ್ದರೆ ಕೊಡುವವನೇ ‘ಲೋ, ಮೂಲೆ ಹೋಗಿದೆ ಕಣೋ’ ಅನ್ನುತ್ತಿದ್ದ. ಅನ್ನದೆ ದಾಟಿಸಿದವನಿಗೆ ಮರುದಿನ ಆಟಕ್ಕೆ ಸೇರಿಸುತ್ತಿರಲಿಲ್ಲ. ಹನ್ನೆರಡು ವರ್ಷದ ಹುಡುಗರು ಯಾವ ಸಂಘ, ಯಾವ ಪದಾಧಿಕಾರಿಗಳೂ ಇಲ್ಲದೆ ನಡೆಸಿದ್ದ ವಹಿವಾಟು ಅದು.

ದೊಡ್ಡವನಾದ ಮೇಲೆ ಅಂಚೆಚೀಟಿಗೆ ಬಂದೆ, ಅಲ್ಲಿಂದ ಮೈಸೂರು ನಾಣ್ಯಗಳಿಗೆ. ಬೆಂಗಳೂರು ಜಿಪಿಒದ ಫಿಲಾಟೆಲಿ ಕೌಂಟರಿನಲ್ಲಿ ಸರತಿ ನಿಂತಿದ್ದೇನೆ, ಭಾನುವಾರದ ಬಜಾರಿನಲ್ಲಿ ಗೋಣಿಚೀಲದ ಮೇಲೆ ಸುರಿದ ತುಕ್ಕುಕಬ್ಬಿಣದ ನಡುವೆ ಕೈಯಾಡಿಸಿದ್ದೇನೆ, ಅಂಚೆ ಇಲಾಖೆಯ ಕರ್ನಾಪೆಕ್ಸ್ ಪ್ರದರ್ಶನಗಳಲ್ಲಿ ಗಾಜಿನ ಚೌಕಟ್ಟುಗಳ ಮುಂದೆ ಕಾಲು ಸೋಲುವಷ್ಟು ನಿಂತಿದ್ದೇನೆ. ಒಳಗೆ ಚೌಕಟ್ಟುಗಳಲ್ಲಿ ಪ್ರದರ್ಶನ, ಪಕ್ಕದಲ್ಲಿ ವ್ಯಾಪಾರಿಗಳ ಮೇಜು, ಇದು ಎಲ್ಲ ಕಡೆಯ ಏರ್ಪಾಡು. ಚೌಕಟ್ಟಿನಲ್ಲಿರುವ ಪ್ರತಿ ಚೀಟಿಯ ಕೆಳಗೂ ವಿವರ ಇರುತ್ತದೆ. ಮೇಜಿನ ಮೇಲಿನದಕ್ಕೆ ಇರುವುದಿಲ್ಲ. ಬರೆಯಲು ಬಾರದವರೇನಲ್ಲ ಅವರು. ನಾಣ್ಯ ಇಟ್ಟ ರಟ್ಟಿನ ಹೋಲ್ಡರಿನ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಎರಡು ಅಕ್ಷರ, ಒಂದು ಅಂಕಿ ಬರೆದಿರುತ್ತಾರೆ. ಅದು ಅವರು ಕೊಂಡ ಬೆಲೆಯ ಗುಟ್ಟುಲಿಪಿ. ತಾನು ಕೊಟ್ಟದ್ದು ಮರೆಯಬಾರದು, ನಾನು ಕೊಡಬೇಕಾದದ್ದು ನನಗೆ ತಿಳಿಯಬಾರದು!

ಇದಕ್ಕೆ ಅವರ ಸಮಾಧಾನವೂ ಸಿದ್ಧವಿದೆ. ‘ಐನೂರು ಅಂತ ಬರೆದರೆ ನೀವು ಮುನ್ನೂರಕ್ಕೆ ಕೇಳುತ್ತೀರಿ ಸಾರ್. ಸಭಾಂಗಣದವರಿಗೆ ಮೇಜಿನ ಬಾಡಿಗೆ ಕೊಡಬೇಕು, ಲಾಡ್ಜಿನ ಖರ್ಚು ಬೇರೆ.’ ನಿಜ. ಸಂಗ್ರಾಹಕರೇನು ಸತ್ಯಹರಿಶ್ಚಂದ್ರರಲ್ಲ. ಎರಡು ಗಂಟೆ ಕುರ್ಚಿ ಹಿಡಿದು ಕೂತು, ಎಲ್ಲ ಪುಟ ತಿರುವಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು, ಮನೆಗೆ ಹೋಗಿ ಆನ್‌ಲೈನಿನಲ್ಲಿ ಕೊಳ್ಳುವ ಮಹನೀಯರನ್ನು ನಾನೇ ಬಲ್ಲೆ. ಚೌಕಾಸಿ ಬೇಡ ಎಂದು ನಾನು ಹೇಳುತ್ತಿಲ್ಲ. ಮಲ್ಲೇಶ್ವರದ ಮಾರುಕಟ್ಟೆಯಲ್ಲಿ ಹೂವಾಡಗಿತ್ತಿಯ ಜೊತೆ ನಾವೆಲ್ಲ ಚೌಕಾಸಿ ಮಾಡುತ್ತೇವೆ. ಆದರೆ ಆಕೆ ಮೊಳ ಇಷ್ಟು ಎಂದು ಕೂಗಿ ಹೇಳಿದ ಮೇಲೆ ಮಾಡುತ್ತೇವೆ. ಬೆಲೆ ಬರೆದಿಟ್ಟು ಅದರಿಂದ ಇಳಿಯುವುದು ವ್ಯಾಪಾರ. ಗಿರಾಕಿಯ ಚಪ್ಪಲಿ ನೋಡಿ ಅಲ್ಲಿಂದ ಏರುವುದಕ್ಕೆ ಬೇರೆ ಹೆಸರಿದೆ.

ನನ್ನ ಷಡ್ಡಕನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರದ ಕಾರ್ಡುಗಳಿಗೆ ವಾರದ ಕೊನೆಯಲ್ಲಿ ಸಂತೆಗಳೇ ನಡೆಯುತ್ತವಂತೆ. 1952ರ ಮಿಕ್ಕಿ ಮ್ಯಾಂಟಲ್ ಕಾರ್ಡೊಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾದ ದೇಶ ಅದು. ಅಲ್ಲಿಯೂ ತನಗೆ ಸಿಟ್ಟು ಬರಿಸುವುದು ಬೆಲೆಚೀಟಿ ಇಲ್ಲದ ಮೇಜು ಎಂದು ಹುಡುಗ ಫೋನಿನಲ್ಲಿ ಹೇಳಿದಾಗ ನನಗೆ ದುಃಖವಾಗಬೇಕಿತ್ತು, ಯಾಕೋ ಸಂತೋಷವಾಯಿತು.

ಬೆಲೆಯ ಮಾತು ಬಿಡಿ, ಊನದ ಮಾತಿಗೆ ಬರೋಣ. ತಾಮ್ರದ ಹಳೆಯ ಕಾಸಿನ ಮೇಲೆ ನೂರೈವತ್ತು ವರ್ಷ ಕೂತ ಕಂದುಬಣ್ಣವೇ ಅದರ ಸೊಗಸು, ಅದರ ಸಾಕ್ಷಿ ಕೂಡ. ಅದನ್ನು ಹುಣಸೆಹಣ್ಣು ಹಾಕಿ ಪೂಜೆಯ ಚೊಂಬಿನ ಹಾಗೆ ತಿಕ್ಕಿ ಫಳಫಳ ಮಾಡಿ ‘ನೋಡಿ ಸಾರ್, ಹೊಸದರ ಹಾಗಿದೆ’ ಎಂದು ಹೆಚ್ಚಿನ ಬೆಲೆ ಹೇಳುತ್ತಾರೆ. ತಿಕ್ಕಿದ ನಾಣ್ಯ ಅರ್ಧ ಸತ್ತ ನಾಣ್ಯ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅಗ್ಗದ ಪಿವಿಸಿ ಪ್ಲಾಸ್ಟಿಕ್ಕಿನ ಹಾಳೆಗಳಲ್ಲಿ ನಾಣ್ಯ ಇಟ್ಟು ಮಾರುತ್ತಾರೆ. ನಾಲ್ಕು ವರ್ಷ ಕಳೆದು ತೆಗೆದರೆ ಹಸಿರು ಜಿಗುಟು ಹತ್ತಿರುತ್ತದೆ. ಅಂಚೆಚೀಟಿಯ ಕಥೆ ಇನ್ನೂ ಸೂಕ್ಷ್ಮ. ಹಿಂಬದಿಯ ಗೋಂದು ಹೋದದ್ದಕ್ಕೆ ಹೊಸ ಗೋಂದು ಬಳಿದು ಬಳಸದ ಚೀಟಿ ಎಂದು ದಾಟಿಸುತ್ತಾರೆ. ನಮ್ಮ ಮಳೆಗಾಲದ ಹವೆಗೆ ಕಾಗದದ ಮೇಲೆ ಏಳುವ ಕಂದು ಚುಕ್ಕೆ ಕೆಳಗೆ ಬರುವಂತೆ ಆಲ್ಬಮ್ಮನ್ನು ಹಿಡಿಯುವ ಕೈಚಳಕವನ್ನಂತೂ ನೋಡಿಯೇ ಆನಂದಿಸಬೇಕು. ಚುಕ್ಕೆ ಇದ್ದರೆ ಇರಲಿ, ನಾನು ಕೊಳ್ಳುತ್ತೇನೆ. ಚುಕ್ಕೆಯಿದೆ ಎಂದು ಮೊದಲು ನೀನು ಹೇಳು.

ಇನ್ನು ನಕಲಿ. ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದು ಇಂಗ್ಲಿಷಿನಲ್ಲಿ ಬರೆದು ಮಗ್ಗುಲಲ್ಲಿ ಹನುಮಂತನನ್ನೋ ರಾಮ ಸೀತೆಯರನ್ನೋ ಕೂರಿಸಿದ ‘ಅರ್ಧ ಆಣೆ’ ನೀವೂ ನೋಡಿರುತ್ತೀರಿ. ಕಂಪನಿ ಸರ್ಕಾರ ಅಂಥ ನಾಣ್ಯವನ್ನು ಟಂಕಿಸಿಯೇ ಇಲ್ಲ. ಇದನ್ನು ದೇವರಮನೆಯಲ್ಲಿಟ್ಟು ಪೂಜೆ ಮಾಡುವವರಿದ್ದಾರೆ. ಇಂಥದ್ದೇ ಹಳೆಯ ತಾಮ್ರ ಅಕ್ಕಿಯನ್ನು ಎಳೆಯುತ್ತದೆ ಎಂಬ ಮಾತು ನಂಬಿ ಲಕ್ಷಗಟ್ಟಲೆ ಕಳೆದುಕೊಂಡು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವರೂ ಇದ್ದಾರೆ. ವೈಷ್ಣೋದೇವಿಯ ಐದು ರೂಪಾಯಿಗೆ ಲಕ್ಷ ಸಿಗುತ್ತದೆ ಎಂಬ ಸುಳ್ಳು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಹಳೆಯ ನೋಟು, ನಾಣ್ಯಗಳನ್ನು ಕೊಳ್ಳುತ್ತೇವೆಂದು ತನ್ನ ಹೆಸರು ಹೇಳಿ ಕಮಿಷನ್ನು ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಬೇಕಾಯಿತು. ಇಷ್ಟು ಮೋಸದ ನಡುವೆ ತಿಳಿದ ವ್ಯಾಪಾರಿಯೊಬ್ಬ ಎದ್ದುನಿಂತು ‘ಅಮ್ಮ, ಇದು ಬೊಂಬೆ ದುಡ್ಡು’ ಎನ್ನಬೇಡವೆ? ಅದನ್ನೇ ತಟ್ಟೆ ತುಂಬ ಹಾಕಿಕೊಂಡು ಕೂತರೆ? ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯಿದೆಗೆ ಸೇರುತ್ತದೆ, ದೇಶದ ಹೊರಗೆ ಒಯ್ಯುವಂತಿಲ್ಲ, ಮಾರುವವನಿಗೆ ಪರವಾನಗಿ ಬೇಕು. ಈ ಮಾತನ್ನು ಮೇಜಿನ ಆಚೆಯಿಂದ ನಾನು ಒಂದು ಸಲವೂ ಕೇಳಿಲ್ಲ.

ಕೆಲವು ವರ್ಷಗಳ ಹಿಂದೆ ಪ್ರದರ್ಶನವೊಂದರಲ್ಲಿ ಹತ್ತು ವರ್ಷದ ಹುಡುಗನೊಬ್ಬ ಮೇಜಿನ ಅಂಚು ಹಿಡಿದು ಕ್ರಿಕೆಟ್ಟಿನ ಚೀಟಿ ಇದೆಯೇ ಎಂದು ಕೇಳಿದ. ಸಚಿನ್ ತನ್ನ ಇನ್ನೂರನೆಯ ಟೆಸ್ಟ್ ಆಡುತ್ತಿದ್ದಾಗ, 2013ರ ನವೆಂಬರಿನಲ್ಲಿ ಬಂದದ್ದು ಅವನಿಗೆ ಬೇಕಿತ್ತು. ‘ಕೈ ಹಾಕಬೇಡ, ಅಪ್ಪನ್ನ ಕರಕೊಂಡು ಬಾ’ ಎಂದು ಉತ್ತರ ಬಂತು. ಅಪ್ಪ ಬರಲಿಲ್ಲ, ಹುಡುಗನೂ ಮತ್ತೆ ಕಾಣಲಿಲ್ಲ. 1996ರಲ್ಲಿ ದೇವಧರ್, ಮರ್ಚೆಂಟ್, ಮಂಕಡ್, ನಾಯುಡು ನಾಲ್ವರೂ ಇದ್ದ ಎರಡೆರಡು ರೂಪಾಯಿಯ ಚೀಟಿಗಳು ಬಂದಿದ್ದವು. ಇವತ್ತಿಗೂ ಅದೇನು ಆನೆಬೆಲೆಯದಲ್ಲ. ಮೇಜಿನ ತುದಿಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇಟ್ಟು, ‘ಯಾವುದಾದರೂ ಹತ್ತು ರೂಪಾಯಿ’ ಎಂದು ಬರೆದು, ಮಕ್ಕಳನ್ನು ಅದರಲ್ಲಿ ಕೆದಕಲು ಬಿಟ್ಟರೆ ವ್ಯಾಪಾರಿಗೆ ಏನು ಹೋಗುತ್ತದೆ? ಸಭಾಂಗಣದ ತುಂಬ ನನ್ನಂಥ ನರೆತ ತಲೆಗಳೇ ಕಾಣುತ್ತವೆ ಎಂದು ಅದೇ ಮೇಜಿನವರು ಸಂಜೆ ಕಾಫಿ ಕುಡಿಯುತ್ತ ಗೊಣಗುತ್ತಾರೆ.

ಆದರೆ ನಾನು ಈ ಲೇಖನಕ್ಕೆ ಕೂತದ್ದು ಇವು ಯಾವುದಕ್ಕೂ ಅಲ್ಲ. ನನ್ನ ಗೆಳೆಯನೊಬ್ಬ, ಶ್ರೀರಾಂಪುರದವನೇ, ನಲ್ಲಿಕಟ್ಟೆಯ ಕಾಲದವನು, 2016ರಲ್ಲಿ ತೀರಿಕೊಂಡ. ಬ್ಯಾಂಕಿನ ಗುಮಾಸ್ತಿಕೆಯ ಸಂಬಳದಲ್ಲಿ ಇಪ್ಪತ್ತೈದು ವರ್ಷ ಉಳಿಸಿ ಮೈಸೂರು ಸಂಸ್ಥಾನದ ಅಂಚೆಯ ಲಕೋಟೆಗಳನ್ನೂ ಕಾಸುಗಳನ್ನೂ ಕೂಡಿಹಾಕಿದ್ದ. ವರ್ಷ ಕಳೆದ ಮೇಲೆ ಅತ್ತಿಗೆ ನನಗೆ ತೊಂದರೆ ಕೊಡಬಾರದೆಂದು ತಾವೇ ಮೂರು ಆಲ್ಬಮ್ಮುಗಳನ್ನು ಚೀಲದಲ್ಲಿ ಹಾಕಿಕೊಂಡು ಪ್ರದರ್ಶನಕ್ಕೆ ಹೋದರು. ಮೇಜಿನವನು ನಾಲ್ಕು ಪುಟ ತಿರುವಿ ‘ಇದೆಲ್ಲ ಈಗ ಯಾರಿಗೂ ಬೇಡ ಅಮ್ಮ, ಇಷ್ಟು ದೂರ ಬಂದಿದ್ದೀರಿ ಅಂತ ತೊಗೊಳ್ತೀನಿ’ ಎಂದು ನಾಲ್ಕು ಸಾವಿರ ಎಣಿಸಿದ. ನನಗೆ ಆಮೇಲೆ ಹೇಳಿದರು. ‘ಹೋಗಲಿ ಬಿಡಿ ಅಣ್ಣ, ಮನೆಯಲ್ಲಿ ಗೆದ್ದಲು ತಿನ್ನುತ್ತಿತ್ತು’ ಎಂದರು. ಮುಂದಿನ ವರ್ಷದ ಪ್ರದರ್ಶನದಲ್ಲಿ ಬೇರೊಂದು ಮೇಜಿನ ಮೇಲೆ ಅವನ ಲಕೋಟೆಯೊಂದು ನನ್ನ ಕೈಗೆ ಬಂತು. ಕೆಳಗೆ ಪೆನ್ಸಿಲ್ಲಿನಲ್ಲಿ ಅವನದೇ ಗುಂಡಗಿನ ಅಕ್ಷರ. ಬೆಲೆ ಕೇಳಿದೆ. ಅದೊಂದಕ್ಕೇ ಆರೂವರೆ ಸಾವಿರ.

ಮಾರುವಾಗ ಕ್ಯಾಟಲಾಗಿನ ಬೆಲೆ, ಕೊಳ್ಳುವಾಗ ಗೆದ್ದಲಿನ ಬೆಲೆ. ಎಲ್ಲ ವ್ಯಾಪಾರದಲ್ಲೂ ನಡುವೆ ಲಾಭ ಇರುತ್ತದೆ, ಇರಲೇಬೇಕು. ಅರ್ಧಕ್ಕೆ ಕೊಂಡೆ ಎಂದರೆ ನಾನು ತುಟಿ ಬಿಚ್ಚುವುದಿಲ್ಲ. ಗೊತ್ತಿಲ್ಲದವಳ ಎದುರು ‘ಯಾರಿಗೂ ಬೇಡ’ ಎಂದನಲ್ಲ, ಅಲ್ಲಿ ನನಗೆ ಹೊಟ್ಟೆ ಉರಿಯುತ್ತದೆ.

ಉರಿಯುವುದಕ್ಕೆ ಇನ್ನೊಂದು ಕಾರಣವೂ ಇದೆ, ಅದನ್ನೂ ಬರೆದುಬಿಡುತ್ತೇನೆ. 2003ರ ಸುಮಾರಿಗೆ ನನ್ನಲ್ಲಿ ಎರಡೆರಡು ಇದ್ದ ಚೀಟಿಗಳನ್ನು ಮಾರಲೆಂದು ಒಬ್ಬರ ಜೊತೆ ಅರ್ಧ ಮೇಜು ಹಿಡಿದಿದ್ದೆ. ಪಂಚೆ ಉಟ್ಟ ವೃದ್ಧರೊಬ್ಬರು ಹಳೆಯ ಪೋಸ್ಟ್ ಕಾರ್ಡಿನ ಕಟ್ಟಿನಲ್ಲಿ ಸುತ್ತಿಟ್ಟುಕೊಂಡು 1948ರ ಗಾಂಧಿ ಚೀಟಿಗಳನ್ನು ತಂದರು. ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ, ಕೊನೆಗೆ ಹತ್ತು ರೂಪಾಯಿಯದು. ಹತ್ತು ರೂಪಾಯಿಯದನ್ನು ಕಂಡು ನನ್ನ ಎದೆ ಹೊಡೆದುಕೊಂಡದ್ದು ಅವರಿಗೆ ಕೇಳಿಸಿರಬೇಕು ಎಂದುಕೊಂಡೆ. ‘ಏನಾದರೂ ಬರುತ್ತದೆಯೇ ಸ್ವಾಮಿ?’ ಎಂದರು. ನಾನು ಅವರ ಪಂಚೆ ನೋಡಿದೆ, ಚಪ್ಪಲಿ ನೋಡಿದೆ. ಇನ್ನೂರು ಎಂದೆ. ಅವರು ಎರಡು ಕೈಯಲ್ಲಿ ಹಣ ತೆಗೆದುಕೊಂಡರು. ಎರಡು ತಿಂಗಳಲ್ಲಿ ಅದನ್ನು ಹತ್ತುಪಟ್ಟಿಗೆ ಮಾರಿದೆ. ಅಂದಿನಿಂದ ಮೇಜಿನ ಆ ಬದಿಗೆ ಕೂತಿಲ್ಲ. ಇದರಿಂದ ಅವರಿಗೇನೂ ಮರಳಿ ಬರಲಿಲ್ಲ, ಅದು ಬೇರೆ ಮಾತು.

ಅತ್ತಿಗೆಯ ಸಂಗತಿ ಆದಮೇಲೆ ನಾನೊಂದು ಕೆಲಸ ಹಿಡಿದಿದ್ದೇನೆ. ನನ್ನ ಆಲ್ಬಮ್ಮುಗಳ ಪ್ರತಿ ಪುಟದ ಬೆನ್ನಿಗೂ ಒಂದು ಚೀಟಿ ಬರೆದು ಸಿಕ್ಕಿಸುತ್ತಿದ್ದೇನೆ. ಕೊಂಡ ವರ್ಷ, ಕೊಟ್ಟ ಹಣ, ಏನೇನು ಊನ, ಇವತ್ತು ಕಡಿಮೆಯೆಂದರೆ ಎಷ್ಟಕ್ಕೆ ಕೊಡಬಹುದು, ಯಾರಿಗೆ ತೋರಿಸಲೇಬಾರದು. ಹೆಂಡತಿ ಕನ್ನಡಕ ಏರಿಸಿ ಒಂದೆರಡು ಓದಿ, ‘ಅಂಗಡಿ ಇಡುತ್ತೀರೇನು ಈ ವಯಸ್ಸಿನಲ್ಲಿ?’ ಎಂದು ಕೇಳಿದಳು. ಮೈಸೂರು ಕಾಸುಗಳು ಮುಗಿದಿವೆ. ಸ್ವಾತಂತ್ರ್ಯಾನಂತರದ ಚೀಟಿಗಳಲ್ಲಿ 1971ರವರೆಗೆ ಬಂದಿದ್ದೇನೆ.