ಮಾರ್ಕ್‌ರಾನ್‌ಸ್ಟೆಟ್ ಮಾರಿದ್ದು ಏನನ್ನು?

ಕಳೆದ ವರ್ಷದವರೆಗೂ ನಾನು ಜರ್ಮನಿಯ ಆರ್‌ಬಿ ಲೈಪ್‌ಜಿಗ್ ತಂಡದ ಅಭಿಮಾನಿ. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಮೊಬೈಲ್ ಗೇಮ್‌ನಲ್ಲಿ ಭಾಯಿಜಾನ್ ಯಾವಾಗಲೂ ಆ ತಂಡವನ್ನೇ ಆರಿಸಿಕೊಳ್ಳುತ್ತಿದ್ದರು, ನಾನೂ ಆರಿಸಿಕೊಂಡೆ. ಅವರು ಹೇಳುತ್ತಿದ್ದ ಕಥೆಯೂ ಚೆನ್ನಾಗಿತ್ತು: 2009ರಲ್ಲಿ ಐದನೇ ಹಂತದ ಲೀಗ್, 2016ರಲ್ಲಿ ಬುಂಡೆಸ್‌ಲಿಗಾ, 2020ರಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್.

ಆಮೇಲೆ ನನಗೊಂದು ಸಂದೇಹ ಬಂತು. ಜರ್ಮನಿಯಲ್ಲಿ ಹೊಸ ಕ್ಲಬ್ ಕಟ್ಟಿದರೆ ಎಲ್ಲಕ್ಕಿಂತ ಕೆಳಗಿನ ಜಿಲ್ಲಾ ಮಟ್ಟದ ಲೀಗ್‌ನಿಂದ ಆಡುತ್ತಾ ಬರಬೇಕು. 2009ರಲ್ಲಿ ಹುಟ್ಟಿದ ಕ್ಲಬ್ ಅದೇ ವರ್ಷ ಐದನೇ ಹಂತದಲ್ಲಿ ಹೇಗೆ ಆಡಿತು? ಉತ್ತರ ಹುಡುಕಿದಾಗ ಸಿಕ್ಕಿದ್ದು ಮಾರ್ಕ್‌ರಾನ್‌ಸ್ಟೆಟ್ ಎಂಬ ಊರು. ಲೈಪ್‌ಜಿಗ್ ನಗರದ ಪಕ್ಕದಲ್ಲೇ ಇರುವ ಪುಟ್ಟ ಪಟ್ಟಣ, ಸುಮಾರು 15 ಸಾವಿರ ಜನ. ಅಲ್ಲಿನ ಎಸ್‌ಎಸ್‌ವಿ ಮಾರ್ಕ್‌ರಾನ್‌ಸ್ಟೆಟ್ ಕ್ಲಬ್ ಐದನೇ ಹಂತದ ಓಬರ್‌ಲಿಗಾದಲ್ಲಿ ಆಡುತ್ತಿತ್ತು. ಆಸ್ಟ್ರಿಯಾದ ರೆಡ್ ಬುಲ್ ಕಂಪನಿ ಆ ಕ್ಲಬ್‌ನ ಆಡುವ ಹಕ್ಕನ್ನು, ಅಂದರೆ ಲೀಗ್‌ನಲ್ಲಿದ್ದ ಅದರ ಜಾಗವನ್ನು, ಹಣ ಕೊಟ್ಟು ಪಡೆಯಿತು. ಐದನೇ ಹಂತವೇ ಯಾಕೆಂದರೆ, ಮೇಲಿನ ಹಂತಗಳಲ್ಲಿ ಜರ್ಮನ್ ಫುಟ್‌ಬಾಲ್ ಸಂಸ್ಥೆಯ ಲೈಸೆನ್ಸ್ ಪರಿಶೀಲನೆ ಬಿಗಿಯಾಗಿರುತ್ತದೆ. ಇಲ್ಲಿ ಆ ತೊಂದರೆ ಇರಲಿಲ್ಲ. ಕ್ಲಬ್ ಹೆಸರಿನಲ್ಲಿ ಕಂಪನಿಯ ಹೆಸರು ಬರಬಾರದು ಎಂಬ ನಿಯಮಕ್ಕೂ ದಾರಿ ಹುಡುಕಿದರು: ಆರ್‌ಬಿ ಎಂದರೆ ರೆಡ್ ಬುಲ್ ಅಲ್ಲ, ‘ರಾಸೆನ್‌ಬಾಲ್‌ಸ್ಪೋರ್ಟ್’, ಅಂದರೆ ಹುಲ್ಲಿನ ಮೇಲಿನ ಚೆಂಡಾಟ. ಇದನ್ನು ಓದಿ ನಾನು ನಕ್ಕೆ. ಕ್ರಿಕೆಟ್ ಕೂಡ ಹುಲ್ಲಿನ ಮೇಲಿನ ಚೆಂಡಾಟವೇ.

ಮೊದಲ ಸೀಸನ್ ಮಾರ್ಕ್‌ರಾನ್‌ಸ್ಟೆಟ್‌ನ ಮೈದಾನದಲ್ಲೇ ನಡೆಯಿತು. ತಂಡ ಚಾಂಪಿಯನ್ ಆಯಿತು. 2010ರಲ್ಲಿ ಅದು ಲೈಪ್‌ಜಿಗ್‌ನ ದೊಡ್ಡ ಸ್ಟೇಡಿಯಂಗೆ ಹೋಯಿತು, ಸ್ಟೇಡಿಯಂಗೂ ಕಂಪನಿಯ ಹೆಸರು ಬಂತು.

ಇದನ್ನೆಲ್ಲ ಹೇಳಿದಾಗ ಭಾಯಿಜಾನ್ ಕೇಳಿದರು, “ಯಾರಿಗೆ ಮೋಸವಾಯಿತು ಹೇಳು?” ಅವರ ಮಾತು ಸುಳ್ಳಲ್ಲ. ಮಾರ್ಕ್‌ರಾನ್‌ಸ್ಟೆಟ್‌ನವರು ಒಪ್ಪಿಯೇ ಕೊಟ್ಟರು. ಅವರ ಕ್ಲಬ್ ಮುಚ್ಚಿಹೋಗಲಿಲ್ಲ, ಮತ್ತೆ ತನ್ನದೇ ಹೆಸರಿನಲ್ಲಿ ಕೆಳಗಿನ ಹಂತದಲ್ಲಿ ಆಡಿ ಕೆಲವೇ ವರ್ಷಗಳಲ್ಲಿ ಐದನೇ ಹಂತಕ್ಕೆ ಏರಿತು. ಲೈಪ್‌ಜಿಗ್ ನಗರಕ್ಕಂತೂ ಲಾಭವೇ ಆಯಿತು. ಜರ್ಮನ್ ಫುಟ್‌ಬಾಲ್ ಸಂಸ್ಥೆ 1900ರಲ್ಲಿ ಸ್ಥಾಪನೆಯಾದದ್ದು ಅದೇ ನಗರದಲ್ಲಿ, 1903ರ ಮೊದಲ ಚಾಂಪಿಯನ್ ಕೂಡ ಅಲ್ಲಿನ ತಂಡವೇ. ಅಂಥ ನಗರಕ್ಕೆ 1994ರ ನಂತರ ಬುಂಡೆಸ್‌ಲಿಗಾ ಪಂದ್ಯ ನೋಡುವ ಭಾಗ್ಯವೇ ಇರಲಿಲ್ಲ. ಅಲ್ಲಿನ ಹುಡುಗರು ಇಪ್ಪತ್ತೆರಡು ವರ್ಷ ಕಾದರು. ದೂರದಲ್ಲಿ ಕೂತ ನಾನು ಅವರಿಗೆ “ನಿಮ್ಮ ಖುಷಿ ತಪ್ಪು” ಎನ್ನಲಾರೆ.

ಹಾಗಾದರೆ ನನ್ನ ತಕರಾರು ಏನು? ಹಣ ಬಂದದ್ದಲ್ಲ, ಮತ ಹೋದದ್ದು.

ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ನಾವು ಸಹಕಾರ ಸಂಘದ ಬಗ್ಗೆ ಓದಿದ್ದೇವೆ. ಒಬ್ಬ ಸದಸ್ಯನಿಗೆ ಒಂದೇ ಮತ, ಎಷ್ಟು ಷೇರು ಇದ್ದರೂ ಅಷ್ಟೇ. ಕಂಪನಿಯಲ್ಲಿ ಹಾಗಲ್ಲ, ಷೇರು ಇದ್ದಷ್ಟು ಮತ. ಪರೀಕ್ಷೆಗೆ ನಾನು ಈ ವ್ಯತ್ಯಾಸವನ್ನು ಬಾಯಿಪಾಠ ಮಾಡಿದ್ದೆ, ಅರ್ಥವಾದದ್ದು ಈಗ. ಜರ್ಮನಿಯ ಫುಟ್‌ಬಾಲ್ ಕ್ಲಬ್‌ಗಳು ಮೂಲದಲ್ಲಿ ಸದಸ್ಯರ ಸಂಘಗಳು. (ಸಾಲದ ಸಹಕಾರ ಸಂಘಕ್ಕೂ ಆ ದೇಶವೇ ಮಾದರಿ. 1905ರಲ್ಲಿ ನಮ್ಮ ಗದಗದ ಹತ್ತಿರದ ಕಣಗಿನಹಾಳದಲ್ಲಿ ರೈತರು ಕಟ್ಟಿದ ಸಂಘದ ಹಿಂದೆಯೂ ರೈಫೈಸೆನ್ ಎಂಬ ಜರ್ಮನ್ ಹಿರಿಯರ ವಿಚಾರವಿದೆ.) 1998ರಲ್ಲಿ ಕ್ಲಬ್‌ಗಳು ತಮ್ಮ ತಂಡವನ್ನು ಕಂಪನಿ ಮಾಡಿಕೊಳ್ಳಲು ಅನುಮತಿ ಸಿಕ್ಕಾಗ ‘50 ಪ್ಲಸ್ 1’ ನಿಯಮವೂ ಬಂತು. ಹೂಡಿಕೆದಾರ ಎಷ್ಟೇ ಹಣ ಹಾಕಲಿ, ಅರ್ಧಕ್ಕಿಂತ ಒಂದಾದರೂ ಹೆಚ್ಚು ಮತ ಸದಸ್ಯರ ಸಂಘದ ಕೈಯಲ್ಲೇ ಇರಬೇಕು.

ಲೈಪ್‌ಜಿಗ್ ಈ ನಿಯಮವನ್ನು ಮುರಿಯಲಿಲ್ಲ. ಸದಸ್ಯರ ಸಂಘ ಇದೆ, ಮತವೂ ಸಂಘದ ಕೈಯಲ್ಲೇ ಇದೆ. ಆದರೆ 2014ರಲ್ಲಿ ಆ ಸಂಘದಲ್ಲಿ ಮತದ ಹಕ್ಕಿದ್ದ ಸದಸ್ಯರು ಇಪ್ಪತ್ತು ಜನವೂ ಇರಲಿಲ್ಲ, ಹೆಚ್ಚಿನವರು ಕಂಪನಿಗೆ ಬೇಕಾದವರು. ಆಗ ವರ್ಷದ ಸದಸ್ಯತ್ವ ಶುಲ್ಕ 800 ಯೂರೋ ಇತ್ತು. ಅಷ್ಟು ಕೊಡುತ್ತೇನೆಂದರೂ ಸೇರಿಸಿಕೊಳ್ಳುವುದು ಬಿಡುವುದು ಅವರ ಇಷ್ಟ. ಬಯರ್ನ್ ಮ್ಯೂನಿಕ್‌ಗೆ ಮೂರು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ ಎಂಬುದನ್ನು ಇದರ ಪಕ್ಕ ಇಟ್ಟು ನೋಡಿ. ಆ ವರ್ಷ ಲೀಗ್‌ನವರು ಒತ್ತಾಯ ಮಾಡಿದ ಮೇಲೆ ಹೊಸ ರೀತಿಯ ಸದಸ್ಯತ್ವ ತಂದರು, ಮತ ಮಾತ್ರ ಕೊಡಲಿಲ್ಲ.

ಮಾರ್ಕ್‌ರಾನ್‌ಸ್ಟೆಟ್‌ನ ಮೈದಾನದಲ್ಲಿ ಟಿಕೆಟ್ ಹರಿಯುತ್ತಿದ್ದವನಿಗೂ ಕ್ಲಬ್‌ನ ಸಭೆಯಲ್ಲಿ ಕೈ ಎತ್ತುವ ಅಧಿಕಾರ ಇರಬಹುದಿತ್ತು. ಅವರು ಬಿಟ್ಟುಕೊಟ್ಟ ಅದೇ ಜಾಗದಿಂದ ಮೇಲೇರಿದ ತಂಡದಲ್ಲಿ ಸ್ಟೇಡಿಯಂ ತುಂಬ ಕೂಗುವ ನಲವತ್ತು ಸಾವಿರ ಜನರಿಗೆ ಆ ಅಧಿಕಾರ ಇಲ್ಲ. ಲೀಗ್‌ನಲ್ಲಿ ಜಾಗ ಕೊಳ್ಳುವವರಿಗೆ ಒಂದೇ ಒಂದು ಷರತ್ತು ಹಾಕಬೇಕಿತ್ತು ಎನ್ನುವುದು ನನ್ನ ಅಭಿಪ್ರಾಯ: ಸದಸ್ಯತ್ವದ ಬಾಗಿಲು ಸಾಮಾನ್ಯ ಶುಲ್ಕಕ್ಕೆ ಎಲ್ಲರಿಗೂ ತೆರೆದಿರಬೇಕು. ಹಾಗೆ ಮಾಡಿದ್ದರೆ ಯಾವ ಕಂಪನಿಯೂ ಹಣ ಹಾಕುತ್ತಿರಲಿಲ್ಲ ಎಂದು ಭಾಯಿಜಾನ್ ವಾದ. ಇರಬಹುದು. ಆಗ ಲೈಪ್‌ಜಿಗ್‌ನವರು ಇನ್ನೂ ಹತ್ತು ವರ್ಷ ಕಾಯಬೇಕಾಗುತ್ತಿತ್ತೇನೋ. ಆ ಬೆಲೆ ಕೊಡಬಹುದಿತ್ತು ಎಂದೇ ನನಗೆ ಅನಿಸುತ್ತದೆ.

ಇಷ್ಟು ಖಡಕ್ ಆಗಿ ಹೇಳಲು ಇನ್ನೊಂದು ಕಾರಣ ಇದೆ. ಹೋದ ವರ್ಷ ನಮ್ಮ ಮೊಹಲ್ಲಾದ ತಂಡಕ್ಕೆ ಒಬ್ಬರು ಜೆರ್ಸಿ, ಎರಡು ಚೆಂಡು, ಟೂರ್ನಮೆಂಟ್‌ನ ಎಂಟ್ರಿ ಫೀ ಕೊಟ್ಟರು. ತಂಡದ ಹೆಸರು ಬದಲಾಯಿತು, ಅದು ಪರವಾಗಿಲ್ಲ. ಮೊದಲು ಯಾರು ಆಡಬೇಕು ಎಂದು ಮೈದಾನದ ಮೂಲೆಯಲ್ಲಿ ಕೂತು, ಜಗಳವಾಡಿ, ನಾವೇ ತೀರ್ಮಾನಿಸುತ್ತಿದ್ದೆವು. ಈಗ ಹಿಂದಿನ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿ ನಾನು ಇದ್ದೇನೆ, ಹಾಗಾಗಿ ಇದು ಹೊಟ್ಟೆಕಿಚ್ಚಿನ ಮಾತಲ್ಲ. ಗೋಲ್‌ಪೋಸ್ಟ್ ಮಾಡಲು ತನ್ನ ಮನೆಯಿಂದ ಬಿದಿರು ಹೊತ್ತು ತಂದ ಗೆಳೆಯ ಮೂರು ಪಂದ್ಯದಿಂದ ಪಟ್ಟಿಯಲ್ಲಿಲ್ಲ. ಯಾಕೆ ಎಂದು ಯಾರನ್ನು ಕೇಳಬೇಕು ಎಂಬುದೇ ನಮಗೆ ಗೊತ್ತಾಗುತ್ತಿಲ್ಲ.